ಷಡ್ಜ ಕದಲಿದರೆ ಗತಿಯೇನು?

ಹಾಡು ಕಲಿಯುವವರನ್ನು ನಮ್ಮ ಮಧುವನಹಳ್ಳಿ ಹೇಗೋ ಸಹಿಸಿಕೊಳ್ಳುತ್ತದೆ. ಹಾಡು ಅಂದಮೇಲೆ ಅದಕ್ಕೊಂದು ಕೊನೆ ಇರುತ್ತದೆ. ಎಷ್ಟೇ ಅಪಸ್ವರವಾದರೂ ಇನ್ನೊಂದು ಚರಣಕ್ಕೆ ಮುಗಿದೀತು ಅನ್ನುವ ಆಸೆ ಕೇಳುವವರಿಗಿರುತ್ತದೆ. ಕಿವಿ ಪಳಗಿಸುವ ಅಭ್ಯಾಸಕ್ಕೆ ಆ ಭಾಗ್ಯವಿಲ್ಲ. ಕೀಬೋರ್ಡಿನ ಮೇಲೆ ಎರಡು ಸ್ವರ ಒತ್ತಬೇಕು, ಸುಮ್ಮನೆ ಕೂರಬೇಕು, ಅವೆರಡರ ನಡುವೆ ಎಷ್ಟು ದೂರ ಅಂತ ಯೋಚಿಸಬೇಕು, ಬಾಯಲ್ಲಿ ಹೇಳಿ ನೋಡಬೇಕು, ಮತ್ತೆ ಒತ್ತಬೇಕು. ಸಂಗೀತದ ಕ್ಲಾಸಿನಲ್ಲಿ ಇದನ್ನು ಇಯರ್ ಟ್ರೈನಿಂಗ್ ಅನ್ನುತ್ತಾರೆ. ಬೇಲಿಯಾಚೆಯವರು ಏನನ್ನುತ್ತಾರೆಂದು ಬರೆಯದಿರುವುದೇ ವಾಸಿ.

"ಅದ್ಯಾಕ ಕೂಸೇ, ಎತ್ಕೊಂಡದ್ದ ಅಲ್ಲೇ ಬುಟ್ಬುಡ್ತಿಯ? ಪದ ಮರ್ತೋಯ್ತದಾ?" ಅಂತ ಪಕ್ಕದ ಮನೆಯ ದೊಡ್ಡಯ್ಯ ಹಸುವಿಗೆ ಹುಲ್ಲು ಹಾಕುತ್ತಾ ಕೇಳಿದರು.

"ಪದ ಇಲ್ಲ ದೊಡ್ಡಯ್ಯ, ಬರೀ ಸ್ವರ."

"ಪದ ಇಲ್ದೆ ಸ್ವರ ತಕ್ಕಂಡು ಏನ್ ಮಾಡಿಯೇ?"

ಒಳ್ಳೆಯ ಪ್ರಶ್ನೆ. ಭಾನುವಾರದ ಬಸ್ಸಿಗೆ ಮೈಸೂರಿಗೆ ಹೋಗಿ ನಾನು ಕಲಿಯುತ್ತಿರುವುದು ಪಾಶ್ಚಾತ್ಯ ಸಂಗೀತದ ಹಾರ್ಮನಿ. ಶಾಲೆಯಲ್ಲಿ ಪಾಠ ಹೇಳುವ ಕೆಲಸ, ಉಳಿದ ಹೊತ್ತಿನಲ್ಲಿ ಪಾಠ ಹೇಳಿಸಿಕೊಳ್ಳುವ ಚಟ. ದೊಡ್ಡಯ್ಯನಾದರೋ ತಂಬೂರಿಯವರ ಹಿಮ್ಮೇಳದಲ್ಲಿ ಸೊಲ್ಲು ಕೊಟ್ಟುಕೊಂಡೇ ವಯಸ್ಸಾದವರು. ಕೊಳ್ಳೇಗಾಲದ ಸೀಮೆಯಲ್ಲಿ ಇದೇನೂ ಅಪರೂಪವಲ್ಲ. ಒಂದು ಕಡೆ ಮಾದಪ್ಪನ ಬೆಟ್ಟ, ಇನ್ನೊಂದು ಕಡೆ ಚಿಕ್ಕಲ್ಲೂರು. ಕಂಸಾಳೆ ಹಿಡಿದ ದೇವರಗುಡ್ಡರು, ತಂಬೂರಿ ಗಗ್ಗರ ಹಿಡಿದ ನೀಲಗಾರರು ನಮಗೆ ರೇಡಿಯೋಗಿಂತ ಹಳೆಯ ಪರಿಚಯ. ರಾತ್ರಿಯಿಡೀ ಕತೆ ನಡೆದು ಬೆಳಕು ಹರಿದರೂ ಶ್ರುತಿ ಇಳಿಯದ ಹಾಗೆ ನೋಡಿಕೊಂಡ ಕಿವಿ ಅದು. ಅಂಥವರ ಮುಂದೆ ನನ್ನ ಕಿವಿಯ ತಾಲೀಮು ನಡೆಯುತ್ತಿತ್ತು.

ಹಾರ್ಮನಿ ಅಂದರೇನು ಅಂತ ಹೇಳಲು ಹೋದೆ. ಒಂದೇ ಸಲಕ್ಕೆ ಮೂರು ಬೇರೆ ಬೇರೆ ಸ್ವರ ನುಡಿಸುತ್ತಾರೆ, ಅದಕ್ಕೆ ಕಾರ್ಡ್ ಅನ್ನುತ್ತಾರೆ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಕ್ರಮ ಇದೆ ಅಂದೆ. ದೊಡ್ಡಯ್ಯ ಹುಲ್ಲಿನ ಹೊರೆ ಕೆಳಗಿಟ್ಟರು. "ನಮ್ ಮೇಳ್ದಲ್ಲಿ ಮೂರು ಜನ ಮೂರು ಸ್ವರ ಹಿಡಿದ್ರ ಆ ದಿನ ಉಣ್ಣಕ್ಕಿಕ್ಕಿ ಕಳಿಸ್ತೀವಿ. ಮುಂದಿನ್ ಸಲ ಕರ್ಯಲ್ಲ."

ಕೀಬೋರ್ಡನ್ನು ಜಗಲಿಗೆ ತಂದು ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದೆ. ಗಾಂಧಾರ ಅಂತರ ಗಾಂಧಾರ. ಮೇಜರ್ ಕಾರ್ಡ್ ಅಂದರೆ ಇಷ್ಟೇ. ದೊಡ್ಡಯ್ಯ ಒಂದು ಗಳಿಗೆ ಕೇಳಿ, "ಇದು ತಂಬೂರಿ ಕನ ಕೂಸೇ. ನೀನೇನೋ ಹೊಸ್ದು ಅಂದಿಯಲ್ಲ" ಅಂದರು.

ಸುಮ್ಮನೆ ಅಂದದ್ದಲ್ಲ. ತಂಬೂರಿಯ ತಂತಿಗಳನ್ನು ಪ ಸ ಸ ಸ ಅಂತ ಕೂಡಿಸುತ್ತೇವೆ, ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಮಂದ್ರದ ತಂತಿ ಮೀಟಿ ಗಮನವಿಟ್ಟು ಕೇಳಿದರೆ ಒಳಗೆ ಗಾಂಧಾರ ಕೇಳುತ್ತದೆ. ತಂತಿ ಒಂದೇ ರೀತಿ ಅದುರುವುದಿಲ್ಲ, ಇಡಿಯಾಗಿಯೂ ಅದುರುತ್ತದೆ, ಎರಡು ಮೂರು ನಾಲ್ಕು ಐದು ಪಾಲಾಗಿಯೂ ಅದುರುತ್ತದೆ. ಸೆಕೆಂಡಿಗೆ 100 ಸಲ ಅದುರುವ ಷಡ್ಜವನ್ನು ತೆಗೆದುಕೊಳ್ಳಿ. ಎರಡು ಪಾಲಿಗೆ 200, ಅದು ಮೇಲಿನ ಷಡ್ಜ. ಮೂರಕ್ಕೆ 300, ಪಂಚಮ. ನಾಲ್ಕಕ್ಕೆ 400, ಮತ್ತೆ ಷಡ್ಜ. ಐದಕ್ಕೆ 500, ಅದೇ ಅಂತರ ಗಾಂಧಾರ. ವಿದ್ವಾಂಸರು ಇದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳದ ದಾರ ಈ ಒಳದನಿಗಳನ್ನು ಎಬ್ಬಿಸುವುದಕ್ಕೇ ಇರುವುದು. ಯುರೋಪಿನವರು ಗ್ರಂಥಗಟ್ಟಲೆ ಬರೆದ ಮೇಜರ್ ಕಾರ್ಡು ಚಿಕ್ಕಲ್ಲೂರು ಜಾತ್ರೆಯಲ್ಲಿ ಯಾರದೋ ಹೆಗಲ ಮೇಲೆ ಮೊದಲಿಂದಲೂ ಓಡಾಡುತ್ತಿದೆ.

ಹಾಗಾದರೆ ನಾನು ಕಲಿಯಲು ಒದ್ದಾಡುತ್ತಿರುವುದು ಏನನ್ನು? ಇದನ್ನು ನಾನೇ ಸರಿಯಾಗಿ ಯೋಚಿಸಿರಲಿಲ್ಲ, ಬೇಲಿಯ ಹತ್ತಿರ ನಿಂತು ಮಾತಾಡಿದ ಮೇಲೆ ಹೊಳೆಯಿತು. ಕಾರ್ಡ್ ಕಷ್ಟವಲ್ಲ. ಕಷ್ಟ ಇರುವುದು ಷಡ್ಜ ಕದಲುವುದರಲ್ಲಿ.

ನಮ್ಮ ಸಂಗೀತದಲ್ಲಿ ಷಡ್ಜ ಒಂದು ಸಲ ಕೂತರೆ ಕೂತಿತು. ರಾಗ ಎಷ್ಟು ದೂರ ಹೋದರೂ, ಕತೆಯಲ್ಲಿ ಎಷ್ಟು ಜನ ಸತ್ತು ಹುಟ್ಟಿದರೂ ಕೆಳಗೆ ಅದೇ ಸ, ಅದೇ ಪ. ಹಾಡುವ ಪ್ರತಿ ಸ್ವರವನ್ನೂ ಕಿವಿ ಅದಕ್ಕೆ ಹೋಲಿಸಿ ಅಳೆಯುತ್ತದೆ. ಹಾರ್ಮನಿಯಲ್ಲಿ ಮೇಲಿನ ಸ್ವರ ನಿಂತಲ್ಲೇ ನಿಂತಿರುತ್ತದೆ, ಕೆಳಗಿನ ನೆಲ ಸರಿಯುತ್ತದೆ. ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಂಡು ನೋಡಿ. ಸ ಮೇಲೆ ಕಟ್ಟಿದ ಕಾರ್ಡು ಸ ಗ ಪ. ಮ ಮೇಲೆ ಕಟ್ಟಿದ್ದು ಮ ದ ಸ. ಪ ಮೇಲೆ ಕಟ್ಟಿದ್ದು ಪ ನಿ ರಿ. ಈ ಮೂರರೊಳಗೆ ಏಳು ಸ್ವರಗಳೂ ಬಂದುಬಿಟ್ಟವು, ಅದಕ್ಕೇ ಎಷ್ಟೋ ಸರಳ ಹಾಡುಗಳಿಗೆ ಈ ಮೂರೇ ಸಾಕು. ಈಗ ಬಾಯಲ್ಲಿ ಸ ಹಿಡಿದು ನಿಲ್ಲಿ. ಕೆಳಗೆ ಮೊದಲ ಕಾರ್ಡು ಬಂದಾಗ ನೀವು ಮನೆಯ ಯಜಮಾನ. ಎರಡನೆಯದು ಬಂದಾಗ ಅಲ್ಲಿ ಯಜಮಾನ ಮ, ನೀವು ಅವನ ಪಂಚಮ. ಅದೇ ಆಳು ತನ್ನ ಮನೆಯಲ್ಲಿ ಒಂದು ಥರ ಕೂರುತ್ತಾನೆ, ಮಾವನ ಮನೆಯಲ್ಲಿ ಇನ್ನೊಂದು ಥರ ಕೂರುತ್ತಾನೆ. ಮೂರನೆಯದು ಬಂದಾಗಂತೂ ನಿಮಗೆ ಅಲ್ಲಿ ಜಾಗವೇ ಇಲ್ಲ, ಒಂದು ಪಕ್ಕದಲ್ಲಿ ನಿ ಇನ್ನೊಂದು ಪಕ್ಕದಲ್ಲಿ ರಿ ನೂಕುತ್ತಿರುತ್ತವೆ.

ಇದನ್ನೇ ಮಾಡಿ ತೋರಿಸಿದೆ. ದೊಡ್ಡಯ್ಯ ಸ ಹಿಡಿದರು, ನಾನು ಕೆಳಗೆ ಕಾರ್ಡು ಬದಲಿಸಿದೆ. ಎರಡನೆಯದಕ್ಕೆ ಹುಬ್ಬು ಏರಿತು. ಮೂರನೆಯದಕ್ಕೆ ಹಾಡುವುದನ್ನು ನಿಲ್ಲಿಸಿ ಕೀಬೋರ್ಡಿನ ಕಡೆ ಸಿಟ್ಟಿನಿಂದ ನೋಡಿದರು. "ನಾ ಸರಿ ಇವ್ನಿ. ಅದು ಸರ್ಕೊಂತು." ನಾನು ಪುಟಗಟ್ಟಲೆ ಓದಿದರೂ ಇಷ್ಟು ಚೊಕ್ಕವಾಗಿ ಹೇಳಲಾರೆ.

ಹಾಗೆಂದು ಪಶ್ಚಿಮದವರಿಗೆ ನಿಂತ ಸ್ವರದ ರುಚಿ ಗೊತ್ತಿಲ್ಲವೆಂದಲ್ಲ. ಅವರ ಬ್ಯಾಗ್‌ಪೈಪಿನಲ್ಲಿ ಶ್ರುತಿ ನಿಂತೇ ಇರುತ್ತದೆ, ಆರ್ಗನ್ನಿನಲ್ಲಿ ಕಾಲಿನ ಮೆಟ್ಟನ್ನು ಒತ್ತಿ ಹಿಡಿದು ಮೇಲೆ ಕಾರ್ಡು ಬದಲಿಸುತ್ತಾ ಹೋಗುವುದೂ ಉಂಟು. ಆದರೆ ಅದು ಒಂದಷ್ಟು ಹೊತ್ತಿಗೆ, ಬೆಳಗಿನ ಜಾವದವರೆಗೆ ಅಲ್ಲ.

ನೆಲ ಸರಿಸಲು ಅವರು ಒಂದು ಬೆಲೆ ತೆತ್ತಿದ್ದಾರೆ, ಅದೂ ಕಿವಿಗೆ ಗೊತ್ತಾಗುತ್ತದೆ. ಷಡ್ಜ 400 ಇದ್ದರೆ ತಂಬೂರಿಯ ಗಾಂಧಾರ 500, ಪಂಚಮ 600. ಕೀಬೋರ್ಡಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಯಾವ ಮನೆಯನ್ನಾದರೂ ಷಡ್ಜ ಮಾಡಿಕೊಳ್ಳಬಹುದು. ಆದರೆ ಗಾಂಧಾರ ಸುಮಾರು 504ಕ್ಕೆ ಏರಿರುತ್ತದೆ. ಪಂಚಮ 599ರ ಆಸುಪಾಸು, ಅದು ಪರವಾಗಿಲ್ಲ. ತಂಬೂರಿಗೆ ಒಗ್ಗಿದ ಕಿವಿಗೆ ಕೀಬೋರ್ಡಿನ ಗ ಒಸಿ ಚುರುಕು ಅನ್ನಿಸಿದರೆ ಕಿವಿ ಕೆಟ್ಟಿಲ್ಲ, ಲೆಕ್ಕ ಸರಿಯಾಗಿದೆ ಅಂತ ಅರ್ಥ. ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ತಮ್ಮ ಕಿವಿಯನ್ನೇ ಅನುಮಾನಿಸುತ್ತಾ ವರ್ಷ ಕಳೆಯುತ್ತಾರೆ.

ಇನ್ನೊಂದನ್ನು ಹೇಳಲೇಬೇಕು. ಮೇಜರ್ ಅಂದರೆ ಸಂತೋಷ, ಮೈನರ್ ಅಂದರೆ ದುಃಖ ಅಂತ ಮಕ್ಕಳಿಗೆ ಕಲಿಸುತ್ತಾರೆ, ಪರೀಕ್ಷೆಯಲ್ಲಿ ಗುರುತಿಸಲು ಸುಲಭ ಅಂತ. ನಮ್ಮ ಕಿವಿಗೆ ಇದು ನಿಲ್ಲುವುದಿಲ್ಲ. ಮೈನರ್ ಕಾರ್ಡಿನಲ್ಲಿರುವುದು ಸಾಧಾರಣ ಗಾಂಧಾರ. ಖರಹರಪ್ರಿಯದಲ್ಲೂ ಅದೇ, ಆಭೇರಿಯಲ್ಲೂ ಅದೇ. ಆಭೇರಿ ಕೇಳಿ ಮದುವೆಮನೆಯಲ್ಲಿ ಯಾರು ಅತ್ತಿದ್ದಾರೆ? ಅಳು ನಗು ಬಿಟ್ಟು ಗಾಂಧಾರ ಯಾವುದು ಅಂತ ಕೇಳಿಸಿಕೊಂಡರೆ ಉತ್ತರ ತಪ್ಪುವುದಿಲ್ಲ. ಸರಿಗಮ ಗೊತ್ತಿದ್ದವರಿಗೆ ಹೊಸ ಹೆಸರೂ ಬೇಕಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಎಂಬ ಪಾದ್ರಿ ಚರ್ಚು ಶಾಲೆಗಳಲ್ಲಿ ಹಬ್ಬಿಸಿದ ಸೋಲ್‌ಫಾ ಪದ್ಧತಿಯಲ್ಲಿ 'ದೊ' ಎಲ್ಲಿ ಬೇಕಾದರೂ ಕೂರಬಹುದು, ಥೇಟ್ ನಮ್ಮ ಸ. ಜೂನಿಯರ್ ಪರೀಕ್ಷೆಗೆ ಕಟ್ಟುವ ಹುಡುಗಿಯರು ಬೇಸರಪಟ್ಟುಕೊಂಡು ಹಾಡುವ ದಾಟು ವರಸೆ ಇದೆಯಲ್ಲ, ಸ್ವರದಿಂದ ಸ್ವರಕ್ಕೆ ಹಾರುವುದು, ಅದಕ್ಕಿಂತ ಒಳ್ಳೆಯ ಅಂತರದ ಅಭ್ಯಾಸವನ್ನು ನಾನು ಯಾವ ಫೋನಿನ ಆ್ಯಪಿನಲ್ಲೂ ಕಂಡಿಲ್ಲ.

ಮತ್ತೆ ಬೇಲಿಗೆ ಬರೋಣ. ಮುಂದಿನ ಪಾಠ ಕೇಡೆನ್ಸ್, ಅಂದರೆ ಸಾಲು ಹೇಗೆ ನಿಲ್ಲುತ್ತದೆ ಅನ್ನುವುದು. ಪರೀಕ್ಷಕರು ಒಂದು ತುಣುಕು ನುಡಿಸುತ್ತಾರೆ. ಪೂರ್ತಿ ಮುಗಿಯಿತೋ, ಅರ್ಧಕ್ಕೆ ನಿಂತಿತೋ ಹೇಳಬೇಕು. ನನಗೆ ಇದರಲ್ಲಿ ಬೆವರು ಬರುತ್ತಿತ್ತು. ದೊಡ್ಡಯ್ಯನಿಗೆ ಕೇಳಿಸಿದೆ. ಪ ಕಾರ್ಡಿನ ಮೇಲೆ ನಿಲ್ಲಿಸಿದೆ. "ಇನ್ನೂ ಅದ." ಅಲ್ಲಿಂದ ಸ ಕಾರ್ಡಿಗೆ ಬಂದೆ. "ಆಯ್ತು. ಮಂಗ್ಳ." ಇನ್ನೊಂದು ತುಣುಕು, ಮತ್ತೆ ಪ. "ಇನ್ನೂ ಅದ, ಮುಂದಕ್ಕ ಹೇಳು." ಒಂದೂ ತಪ್ಪಲಿಲ್ಲ. ಆಮೇಲೆ ಕುಚೋದ್ಯಕ್ಕೆ ಪ ಕಾರ್ಡಿನಿಂದ ಸ ಬಿಟ್ಟು ದ ಸ ಗ ಕಾರ್ಡಿಗೆ ಹೋದೆ. ದೊಡ್ಡಯ್ಯ ನಕ್ಕುಬಿಟ್ಟರು. "ಮುಗ್ಸ್ದಂಗ ಮಾಡಿ ಕೈ ಕೊಟ್ಟಿಯಲ್ಲ!"

ಈ ಬಲ ಎಲ್ಲಿಂದ ಬಂತು ಅಂತ ಯೋಚಿಸಿದರೆ ಆಶ್ಚರ್ಯವೇನಿಲ್ಲ. ಕತೆ ಹೇಳುವವರು ಸಾಲನ್ನು ಎಲ್ಲಿ ತೆರೆದಿಡಬೇಕು ಎಲ್ಲಿ ಮುಚ್ಚಬೇಕು ಅನ್ನುವುದರ ಮೇಲೇ ಬದುಕುವವರು. ಮುಂದಾಳು ಮಾತು ಬಿಟ್ಟ ಕಡೆ ಹಿಮ್ಮೇಳ ಸೊಲ್ಲು ಹಿಡಿಯಬೇಕು, ಒಂದು ಗಳಿಗೆ ಮುಂಚೆ ಹಿಡಿದರೂ ಕತೆ ಹಾಳು. ಹಾರ್ಮನಿಯಲ್ಲಿ ಆ ಕೆಲಸವನ್ನು ಪ ಕಾರ್ಡು ಮಾಡುತ್ತದೆ. ಅದರೊಳಗಿನ ಕಾಕಲಿ ನಿಷಾದಕ್ಕೆ ಸ ಪಕ್ಕದ ಮನೆ, ಹೋಗದೆ ಇರಲಾರದು. ಅದಕ್ಕೆ ಮ ಕೂಡ ಸೇರಿಸಿ ಪ ನಿ ರಿ ಮ ಅಂತ ನುಡಿಸಿದರೆ ಎಳೆತ ಇನ್ನೂ ಜಾಸ್ತಿ: ನಿ ಮೇಲಕ್ಕೆ ಸ ಕಡೆ, ಮ ಕೆಳಕ್ಕೆ ಗ ಕಡೆ. ಎರಡೂ ತಲುಪಿದಾಗ ಮುಗಿಯಿತು. ಈ ಎಳೆತವನ್ನು ಕೇಳಿಸಿಕೊಂಡರೆ ಕೇಡೆನ್ಸಿನ ಇಂಗ್ಲಿಷ್ ಹೆಸರುಗಳನ್ನು ಆಮೇಲೆ ಬಾಯಿಪಾಠ ಮಾಡಿಕೊಳ್ಳಬಹುದು. ನಮ್ಮಲ್ಲಿ ನಡೆಯುತ್ತಿರುವುದು ತಿರುಗುಮುರುಗು: ಹೆಸರು ಮೊದಲು, ಕಿವಿ ಆಮೇಲೆ, ಎಷ್ಟೋ ಸಲ ಕಿವಿ ಬರುವುದೇ ಇಲ್ಲ.

"ಹಾರ್ಮೋನಿಯಂ ಇತ್ತಲ್ಲ ನಮ್ಮೂರ್ಗಳಲ್ಲಿ, ಅದ್ರಲ್ಲಿ ಯಾಕ ಹಿಂಗ ಬಾರಿಸ್ನಿಲ್ಲ?" ಅಂತ ಕೇಳಿದರು. ನಿಜವೇ. ಹಳೇ ಮೈಸೂರು ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರಿಲ್ಲ, ನಾಟಕ ಅಂದಮೇಲೆ ಹಾರ್ಮೋನಿಯಂ ಮೇಷ್ಟ್ರು ಬಂದೇ ಬರುತ್ತಾರೆ. ಕಾರಣ ಬಹಳ ಸಾದಾ. ಪ್ಯಾರಿಸ್ಸಿನಿಂದ ಬಂದ ಹಾರ್ಮೋನಿಯಂಗೆ ಕಾಲಿನಿಂದ ಗಾಳಿ ಹಾಕುತ್ತಿದ್ದರು, ನುಡಿಸಲು ಎರಡೂ ಕೈ ಖಾಲಿ. ನೆಲದ ಮೇಲೆ ಕೂರುವ ನಮ್ಮವರಿಗಾಗಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಕೈ ತಿದಿಯ ಪೆಟ್ಟಿಗೆ ಮಾಡಿದರು. ಎಡಗೈ ತಿದಿಗೆ ಹೋಯಿತು, ಉಳಿದದ್ದು ಬಲಗೈ, ಅದು ಹಾಡುವವರ ಹಿಂದೆ ಓಡುವುದರಲ್ಲೇ ಸುಸ್ತು. ನಾಟಕದ ಕೆಲವು ಮೇಷ್ಟ್ರುಗಳು ಲೆಗ್ ಹಾರ್ಮೋನಿಯಂ ಇಟ್ಟುಕೊಂಡಿದ್ದರೂ ಕಂದಪದ್ಯ ಹೇಳುವ ಭೀಮನ ಕೆಳಗೆ ನೆಲ ಸರಿಸುವ ಧೈರ್ಯ ಯಾರಿಗೆ ಬಂದೀತು, ಗದೆ ಬೇರೆ ಅವನ ಕೈಯಲ್ಲೇ ಇರುತ್ತದೆ. ಆಕಾಶವಾಣಿಯಂತೂ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ಒಳಗೆ ಬಿಟ್ಟಿರಲಿಲ್ಲ, ಅದರ ಕಟ್ಟುಮನೆಗಳ ಸ್ವರ ನಮ್ಮ ಗಮಕಕ್ಕೆ ಆಗದು ಅಂತ. ಪರದೇಶದ ರಾಗ ಬಂದಾಗಲೂ ನಾವು ಹೀಗೇ ಮಾಡಿದ್ದು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂರಿಸಿ ನೊಟ್ಟುಸ್ವರ ಮಾಡಿದರು. ಧಾಟಿ ತೆಗೆದುಕೊಂಡರು, ಕೆಳಗಿನ ಕಾರ್ಡುಗಳನ್ನು ಅವರಿಗೇ ಬಿಟ್ಟರು.

ಮೈಸೂರಿನಲ್ಲಿ ಮಾತ್ರ ಬೇರೆ ಕತೆ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ಜಯಚಾಮರಾಜ ಒಡೆಯರು ಪಿಯಾನೋ ಕಲಿತು 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು, 1948ರಲ್ಲಿ ಅಲ್ಲಿನ ಫಿಲ್‌ಹಾರ್ಮೋನಿಯಾ ಸೊಸೈಟಿಗೆ ಮೊದಲ ಅಧ್ಯಕ್ಷರೂ ಆದರು. ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದವರೂ ಅವರೇ. ಒಂದೇ ತಲೆಯಲ್ಲಿ ನಿಂತ ಷಡ್ಜವೂ ಸರಿಯುವ ಷಡ್ಜವೂ ಇದ್ದವು. "ನಮ್ ಮಾರಾಜ್ರು!" ಅಂತ ದೊಡ್ಡಯ್ಯ ಹೆಮ್ಮೆಪಟ್ಟರು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಗ ಅವರು ನಮ್ಮ ಮಹಾರಾಜರಲ್ಲ ಅಂತ ನೆನಪಿಸಲು ಬಾಯಿ ಬರಲಿಲ್ಲ.

ಅರಮನೆಯ ಪಿಯಾನೋ ನಮಗೆ ಕೇಳಿಸಲಿಲ್ಲ. ನಮ್ಮ ಸೀಮೆಯ ಕಿವಿಗೆ ಕಾರ್ಡು ಹಾಕಿದ್ದು ಸಿನಿಮಾ. ಇದೇ ಹನೂರು ರಸ್ತೆಯಲ್ಲಿ ಮುಂದಕ್ಕೆ ಹೋದರೆ ಸಿಂಗಾನಲ್ಲೂರು, ರಾಜ್‌ಕುಮಾರ್ ಮನೆತನದ ಊರು. ಅವರು 'ಜೀವನ ಚೈತ್ರ'ಕ್ಕೆ ತೋಡಿಯಲ್ಲಿ ಹಾಡಿ 1992ರ ರಾಷ್ಟ್ರಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತು. ಅದೇ ಕಂಠ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಗಿಟಾರಿನ ಜೊತೆ ಇಂಗ್ಲಿಷ್ ಹಾಡನ್ನೂ ಹಾಡಿತು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಆ ವೆಂಕಟೇಶರ ಬಳಿ ಸಹಾಯಕನಾಗಿದ್ದ ಹುಡುಗ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತು, ಟ್ರಿನಿಟಿಯ ಗಿಟಾರ್ ಪರೀಕ್ಷೆಯನ್ನೂ ಪಾಸು ಮಾಡಿ, ಮುಂದೆ ಇಳಯರಾಜ ಆದ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಅವರ ಕೈಯವು. ಪಲ್ಲವಿ ಅನುಪಲ್ಲವಿಯ ವಾದ್ಯಸಂಗೀತ ಆಮೇಲೆ ಮೊಬೈಲ್ ಕಂಪನಿಯೊಂದರ ಜಾಹೀರಾತಿಗೂ ಹೋಗಿ ದೇಶದ ಕಿವಿಗೆಲ್ಲ ಬಿತ್ತು. ಆ ಹಾಡುಗಳಲ್ಲಿ ನಾವೆಲ್ಲ ಗುನುಗುವುದು ಮೇಲಿನ ಧಾಟಿ. ಅದರ ಅರ್ಧ ರುಚಿ ಇರುವುದು ಕೆಳಗೆ ಬೇಸ್ ಗಿಟಾರು ನಡೆಯುವ ನಡಿಗೆಯಲ್ಲಿ.

ಹೀಗಾಗಿ ನನ್ನ ತಾಲೀಮು ಈಗ ಬಸ್ಸಿಗೆ ವರ್ಗವಾಗಿದೆ. ಕೊಳ್ಳೇಗಾಲದಿಂದ ಟಿ. ನರಸೀಪುರದ ಮೇಲೆ ಮೈಸೂರಿಗೆ ಹೋಗುವ ಹೊತ್ತಿನಲ್ಲಿ ಒಂದು ಹಾಡು ಹಿಡಿಯುತ್ತೇನೆ. ಸಾಹಿತ್ಯ ಬಿಡುತ್ತೇನೆ, ಧಾಟಿ ಬಿಡುತ್ತೇನೆ, ಎಲ್ಲಕ್ಕಿಂತ ಕೆಳಗಿನ ಸ್ವರ ಯಾವುದು ಅಂತ ಹುಡುಕಿ ಮೆಲ್ಲಗೆ ಗುನುಗುತ್ತೇನೆ. ಅದು ಸ ಮೇಲಿದೆಯೇ, ಮಗೆ ಹೋಯಿತೇ, ಪಗೆ ಹೋಯಿತೇ? ಹೋದದ್ದು ಗೊತ್ತಾದರೆ ಮೇಲಿನ ಕಾರ್ಡು ತಾನಾಗಿ ಗೊತ್ತಾಗುತ್ತದೆ. ಮೊದಮೊದಲು ಬದಲಾಯಿತು ಅನ್ನುವುದಷ್ಟೇ ತಿಳಿಯುತ್ತದೆ, ಎಲ್ಲಿಗೆ ಅನ್ನುವುದು ತಿಳಿಯುವುದಿಲ್ಲ. ಅದೂ ಕಮ್ಮಿಯಲ್ಲ. ಪಕ್ಕದ ಸೀಟಿನವರು ಒಮ್ಮೆ ತಿರುಗಿ ನೋಡುತ್ತಾರೆ, ಆಮೇಲೆ ಕಿಟಕಿಯ ಕಡೆ ತಿರುಗುತ್ತಾರೆ.

ಮಕ್ಕಳನ್ನು ಕೀಬೋರ್ಡ್ ಕ್ಲಾಸಿಗೆ ಸೇರಿಸುವ ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ಗ್ರೇಡ್ ಎಷ್ಟಾಯಿತು ಅಂತ ಕೇಳುವ ಮೊದಲು, ಒತ್ತಿದ್ದನ್ನು ಬಾಯಲ್ಲಿ ಹಾಡುತ್ತಾರೆಯೇ ಅಂತ ಕೇಳಿ. ಹಾಡಲು ಬರದಿದ್ದರೆ ಬೆರಳು ಕಲಿತಿದೆ, ಕಿವಿ ಕಲಿತಿಲ್ಲ. ಶ್ರುತಿಪೆಟ್ಟಿಗೆ ಹಾಕಿ ದಾಟು ವರಸೆ ಹಾಡಿಸಿ, ತಂಬೂರಿಯವರು ಊರಿಗೆ ಬಂದರೆ ಹತ್ತಿರ ಕೂರಿಸಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಸ್ ಬರುವುದಿಲ್ಲ, ಅದಕ್ಕೇ ಎಷ್ಟೋ ಮಕ್ಕಳಿಗೆ ಕಾರ್ಡು ಬದಲಾದದ್ದು ಕೇಳಿಸುವುದೇ ಇಲ್ಲ. ದೊಡ್ಡ ಕೀಬೋರ್ಡಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ಒಳ್ಳೆಯ ಹೆಡ್‌ಫೋನಿಗೆ ಹಾಕಿ.